ಹಲಗೆ ತಟ್ಟಿದ ಕೈ

ಹುಲ್ಡಾ ಪೆಂಜೆಲ್ ಬಗ್ಗೆ ಚೆಕ್ ಗಡಿಯಂಚಿನ ನಮ್ಮ ಎರ್ಲಗ್ರೂನ್ ಊರಿನಲ್ಲಿ ಎರಡು ಮಾತಿವೆ. ಪಿಟೀಲಿಗೆ ಮೆರುಗೆಣ್ಣೆ ಹಚ್ಚುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂಬುದು ಒಂದು. ಯುದ್ಧದ ಕಡೆಯ ಚಳಿಗಾಲದಲ್ಲಿ, ಬಿಟ್ಟಿ ದುಡಿಮೆಗೆ ಹಿಡಿದು ತಂದಿದ್ದ ಒಬ್ಬ ಚೆಕ್ ಆಳಿನ ಕೈಯನ್ನು ಕಾದ ಕಬ್ಬಿಣಕ್ಕೆ ಒತ್ತಿ ಸುಟ್ಟಳು ಎಂಬುದು ಇನ್ನೊಂದು. ಎರಡೂ ನಿಜ. ಮೊದಲನೆಯದನ್ನು ಜನ ದನಿ ಏರಿಸಿ ಹೇಳುತ್ತಾರೆ, ಎರಡನೆಯದನ್ನು ಬಾಗಿಲ ಕಡೆ ಒಮ್ಮೆ ನೋಡಿಕೊಂಡು ಹೇಳುತ್ತಾರೆ. ಆ ಚಳಿಗಾಲದಲ್ಲಿ ತಾವೇನು ಮಾಡುತ್ತಿದ್ದೆವು ಎಂಬುದರ ಬಗ್ಗೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ. ನಮ್ಮೂರಿನವರು ಅಂಥ ಸಭ್ಯರು.

ನಮ್ಮದು ಪಿಟೀಲಿನ ಊರು. ಒಂದು ಮನೆಯಲ್ಲಿ ಪಿಟೀಲಿನ ಕುತ್ತಿಗೆ ಕೆತ್ತಿದರೆ ಪಕ್ಕದ ಮನೆಯಲ್ಲಿ ಕಮಾನು, ಅದರಾಚೆಯ ಮನೆಯಲ್ಲಿ ಕುರಿಯ ಕರುಳು ಹೊಸೆದು ತಂತಿ. ಹುಲ್ಡಾ ಕರುಳು ಹೊಸೆಯುವವರ ಮಗಳು. ಹತ್ತೊಂಬತ್ತನೇ ವಯಸ್ಸಿಗೆ ಅಲ್ವಿನ್ ಪೆಂಜೆಲ್‌ನನ್ನು ಮದುವೆಯಾಗಿ ಬಂದಳು. ಅಲ್ವಿನ್ ಕೆಲಸದಲ್ಲಿ ದೇವರು, ಮನೆಯಲ್ಲಿ ದೆವ್ವ. ಹಲಗೆಯೊಂದನ್ನು ಕೈಗೆತ್ತಿಕೊಂಡರೆ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚುತ್ತಿದ್ದ. ಇದು ಅವನೊಬ್ಬನ ಚಾಳಿಯಲ್ಲ. ಪಿಟೀಲು ಮಾಡುವವರು ತಟ್ಟದೆ ಯಾವ ಹಲಗೆಗೂ ಉಳಿ ಇಡುವುದಿಲ್ಲ. ದನಿ ಕೊಡುವ ಮರ ಪಿಟೀಲಿಗೆ, ಕೊಡದ್ದು ಒಲೆಗೆ. ಮೇಜು ಮಾಡುವ ಬಡಗಿಯಾಗಲಿ, ಪೀಪಾಯಿ ಕಟ್ಟುವವನಾಗಲಿ ಹಾಗೆ ತಟ್ಟಿ ಕಿವಿಗೊಡುವುದನ್ನು ಯಾರೂ ಕಂಡಿಲ್ಲ.

ಅಲ್ವಿನ್ ಬಳಿ ಕೆಲಸ ಕಲಿತವರಲ್ಲಿ ಎಗೊನ್ ಶ್ಟಾರ್ಕ್ ಒಬ್ಬ. ಒಂದು ದಿನ ಅವನು ದನಿಯಿಲ್ಲದ ಹಲಗೆಯೊಂದನ್ನು ಒಳ್ಳೆಯದೆಂದು ಆರಿಸಿ ಕೆತ್ತಿಬಿಟ್ಟ. ಅಲ್ವಿನ್ ಅವನ ಎಡಗಿವಿಯ ಮೇಲೆ ಬಿಟ್ಟ ಏಟಿಗೆ ಕಿವಿಯಿಂದ ರಕ್ತ ಬಂತು. ಆ ಕಿವಿ ಮತ್ತೆ ಕೇಳಲಿಲ್ಲ. ಹುಲ್ಡಾ ಒದ್ದೆ ಬಟ್ಟೆ ತಂದು ಒರೆಸಿದಳು, ಗಂಡನಿಗೆ ಒಂದು ಮಾತೂ ಹೇಳಲಿಲ್ಲ. ಎಗೊನ್ ಏಟನ್ನೂ ಮರೆಯಲಿಲ್ಲ, ಅವಳ ಮೌನವನ್ನೂ ಮರೆಯಲಿಲ್ಲ.

ಯುದ್ಧದ ಎರಡನೇ ವರ್ಷ ಅಲ್ವಿನ್ ಎದೆ ಕಟ್ಟಿ ಸತ್ತ. ನಾಲ್ಕನೇ ವರ್ಷ ಅವನ ಕಾರ್ಖಾನೆಯಲ್ಲಿ ಪಿಟೀಲು ನಿಂತು ಮದ್ದುಗುಂಡಿನ ಪೆಟ್ಟಿಗೆ ಶುರುವಾಯಿತು. ಮೇಲ್ವಿಚಾರಕನಾಗಿ ತೋಳಿಗೆ ಆಳುವ ಪಕ್ಷದ ಪಟ್ಟಿ ಕಟ್ಟಿಕೊಂಡು ಬಂದವನು ಎಗೊನ್. ಅವನ ಕೈಯಲ್ಲಿ ಗುದ್ದಲಿಯ ಕಾವು ಸದಾ ಇರುತ್ತಿತ್ತು. ಕೈಕೆಳಗೆ ಒಂಬತ್ತು ಮಂದಿ ಬಿಟ್ಟಿ ಆಳುಗಳು, ಉಕ್ರೇನಿನವರು, ಪೋಲರು, ಚೆಕ್ಕರು. ಹುಲ್ಡಾಳ ಪಾಲಿಗೆ ಸರೇಸು ಕಾಯಿಸುವ ಕೆಲಸ ಬಂತು.

ಸರೇಸೆಂದರೆ ದನದ ಚರ್ಮ ಕುದಿಸಿ ಮಾಡುವ ಅಂಟು. ಬೇಯುವಾಗ ಮಾಂಸದ ಸಾರಿನ ವಾಸನೆ ಬರುತ್ತದೆ. ದಿನಕ್ಕೊಂದು ಬಟ್ಟಲು ಟರ್ನಿಪ್ ನೀರು ಕುಡಿದು ದುಡಿಯುವವರ ಮೂಗಿನ ಕೆಳಗೆ ಅದನ್ನು ಕುದಿಸುವುದೇ ಒಂದು ಹಿಂಸೆ. ಡಿಸೆಂಬರಿನಲ್ಲಿ ಒಸ್ತಾಪ್ ಎಂಬ ಉಕ್ರೇನಿನವನು ತಡೆಯಲಾರದೆ ಎರಡು ಬೆರಳು ಅದ್ದಿ ನೆಕ್ಕಿದ. ಎಗೊನ್ ನೋಡಿದ. ಮೊದಲ ಏಟು ಹಲ್ಲಿಗೆ, ಎರಡನೆಯದು ಮೊಣಕಾಲಿಗೆ. ಬಿದ್ದ ಮೇಲೆ ತಲೆಗೆ. ಒಸ್ತಾಪ್ ಕೈಯೆತ್ತಿ ತಡೆದಾಗ ಕೈಯ ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಆಮೇಲೆ ಕೈ ಏಳಲಿಲ್ಲ, ಕಾವು ಮಾತ್ರ ಏಳುತ್ತ ಬೀಳುತ್ತ ಇತ್ತು. ಹುಲ್ಡಾ ಸೌಟು ಆಡಿಸುತ್ತಲೇ ನಿಂತಿದ್ದಳು. ಸಂಜೆ ಅವಳೇ ನೆಲವನ್ನು ಸೋಡಾ ಹಾಕಿ ತೊಳೆದಳು. ತನ್ನ ಬದುಕಿನಲ್ಲಿ ಎರಡನೇ ಸಲ ಸುಮ್ಮನೆ ನಿಂತೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸತ್ತ ಒಸ್ತಾಪ್‌ನ ಜಾಗಕ್ಕೆ ಜನವರಿಯಲ್ಲಿ ಬಂದವನು ಮಾಟೌಷ್. ಮೂವತ್ತರ ಮೇಲಿನ ಚೆಕ್, ಕುರುಚಲು ಗಡ್ಡ, ಕಾಗದಪತ್ರದಲ್ಲಿ ಪೀಪಾಯಿ ಕಟ್ಟುವವನು. ಅದೇ ವಾರ ಗರಗಸದ ಮಿಲ್ಲಿನಿಂದ ಬರುತ್ತಿದ್ದ ಮರ ಮುಗಿಯಿತು. ಎಗೊನ್ ಅಟ್ಟದ ಕಡೆ ಬೆರಳು ತೋರಿಸಿದ. ಅಲ್ಲಿ ಅಲ್ವಿನ್ ಮೂವತ್ತು ವರ್ಷದಿಂದ ಒಣಗಿಸಿಟ್ಟಿದ್ದ ಸ್ಪ್ರೂಸ್ ಹಲಗೆಗಳಿದ್ದವು.

"ಅದು ಪಿಟೀಲಿನ ಮರ ಕಣೋ ಎಗೊನ್, ಪೆಟ್ಟಿಗೆಗೆ ಹಾಕೋದಾ?" ಎಂದಳು ಹುಲ್ಡಾ.

"ಯಜಮಾನಮ್ಮ, ನನಗೆ ಎಲ್ಲಾ ಮರದ ದನಿನೂ ಒಂದೇ. ಯಾಕೆ ಅಂತ ನಿಮಗೆ ಗೊತ್ತಲ್ಲ?" ಎಂದು ಅವನು ತನ್ನ ಎಡಗಿವಿಯನ್ನು ಬೆರಳಿಂದ ತಟ್ಟಿ ತೋರಿಸಿ ನಕ್ಕ.

ಎಗೊನ್ ಹೊರಗೆ ಹೋದ ಮೇಲೆ ಆಳುಗಳು ಹಲಗೆಗಳನ್ನು ಇಳಿಸಿದರು. ಮಾಟೌಷ್ ಒಂದನ್ನು ಬೆಂಚಿನ ಮೇಲೆ ಇಡಲು ಎತ್ತಿದ. ಅಂಚಿನಲ್ಲಿ ಕಂದು ಗೆರೆಯೊಂದು ಓಡಿದ್ದ ಹಲಗೆ ಅದು. ಅವನ ಬಲಗೈ ತಾನಾಗಿ ಮಡಚಿಕೊಂಡಿತು, ಗೆಣ್ಣು ಹಲಗೆಯ ನಡುವೆ ಬಿತ್ತು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಒಂದು ಸ್ವಚ್ಛವಾದ ದನಿ ಎದ್ದಿತು. ಮಾಟೌಷ್ ಹಲಗೆಯನ್ನು ಕಿವಿಗೆ ಹಿಡಿದು ಕಣ್ಣು ಮುಚ್ಚಿದ.

ಹುಲ್ಡಾ ಸೌಟು ಬಿಟ್ಟು ಬೆಂಚಿನ ಹತ್ತಿರ ಬಂದಳು. ಪುರಸಭೆಯ ಗೋಡೆಗೆ ಅಂಟಿಸಿದ್ದ ನೋಟೀಸನ್ನು ಅವಳು ವಾರಕ್ಕೆ ಎರಡು ಸಲ ನೋಡುತ್ತಿದ್ದಳು. ಬ್ರನೋ ಪಟ್ಟಣದಿಂದ ತಪ್ಪಿಸಿಕೊಂಡ ಪಿಟೀಲುಗಾರ, ಚೆಕ್, ಮೂವತ್ತನಾಲ್ಕು ವರ್ಷ, ಎಡದವಡೆಯ ಕೆಳಗೆ ಪಿಟೀಲು ಒತ್ತಿದ ಕಲೆ, ಎಡಗೈ ಬೆರಳ ತುದಿಗಳಲ್ಲಿ ಜಡ್ಡು. ಬಾಗಿಲಲ್ಲಿ ಎಗೊನ್‌ನ ಬೂಟಿನ ಸದ್ದಾಯಿತು. ಅವಳು ಬೆಂಚಿನ ಮೇಲಿದ್ದ ಕೊಡತಿಯನ್ನು ಎತ್ತಿ ಮಾಟೌಷ್‌ನ ಬಲಗೈ ಗೆಣ್ಣಿನ ಮೇಲೆ ಬಲವಾಗಿ ಬಡಿದಳು.

"ಏನೋ, ಇದೇನು ನಿಮ್ಮತ್ತೆ ಮನೆ ಬಾಗಿಲಾ, ತಟ್ಟೋಕೆ? ಕೊಯ್ಯೋ, ಕತ್ತೆ!"

ಹಲಗೆ ಕೆಳಗೆ ಬಿತ್ತು. ಎಗೊನ್ ಬಾಗಿಲಲ್ಲೇ ನಿಂತು ನಕ್ಕ. "ಶಹಬ್ಬಾಸ್ ಯಜಮಾನಮ್ಮ! ಇಷ್ಟು ವರ್ಷ ಈ ಕೈ ಎಲ್ಲಿ ಬಚ್ಚಿಟ್ಟಿದ್ರಿ?"

ಮಧ್ಯಾಹ್ನ ಎಗೊನ್ ಊಟಕ್ಕೆ ಹೋದಾಗ ಹುಲ್ಡಾ ಸರೇಸಿನ ಒಲೆಗೆ ಸೌದೆ ತರಿಸುವ ನೆಪದಲ್ಲಿ ಮಾಟೌಷ್‌ನನ್ನು ಹಿಂದಿನ ಕೋಣೆಗೆ ಕರೆದಳು.

"ನೀನು ಪೀಪಾಯಿ ಕಟ್ಟೋನಲ್ಲ."

ಅವನು ಊದಿದ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳನ್ನೇ ನೋಡಿದ. ಅವಳು ಹಿಡಿದುಕೊಡುವವಳಾಗಿದ್ದರೆ ಇಷ್ಟು ಹೊತ್ತಿಗೆ ಹಿಡಿದುಕೊಟ್ಟಿರುತ್ತಿದ್ದಳು ಎಂದು ಅವನಿಗೂ ಹೊಳೆದಿರಬೇಕು. "ನಮ್ಮಪ್ಪ ಪಿಟೀಲು ಮಾಡ್ತಾರೆ, ಯಜಮಾನಮ್ಮ. ಗಡಿಯಾಚೆ, ನಿಮ್ಮೂರಿನ ಹೊಗೆ ಕಾಣೋಷ್ಟು ಹತ್ರ. ಅಂಗಡೀಲೇ ಬೆಳೆದೋನು ನಾನು. ಕೈ ನನ್ನ ಮಾತು ಕೇಳ್ಲಿಲ್ಲ."

"ನೋಟೀಸಲ್ಲಿರೋದು ನೀನೇನಾ?"

"ನಮ್ಮ ವಾದ್ಯಮೇಳದಲ್ಲಿ ಆರು ಜನ ಸೇರಿ ಕರಪತ್ರ ಅಚ್ಚು ಹಾಕ್ತಿದ್ವಿ. ಐದು ಜನರನ್ನ ಗೋಡೆಗೆ ನಿಲ್ಲಿಸಿ ಗುಂಡಿಟ್ಟು ಕೊಂದ್ರು. ನಾನು ಅವತ್ತು ತಂತಿ ತರೋಕೆ ಅಂಗಡಿಗೆ ಹೋಗಿದ್ದೆ." ಸತ್ತ ಪೀಪಾಯಿಯವನ ಕಾಗದ ಹಿಡಿದು, ಹುಡುಕುವವರ ದೇಶಕ್ಕೇ ಬಿಟ್ಟಿ ಆಳಾಗಿ ಬಂದುಬಿಟ್ಟರೆ ಯಾರೂ ಹುಡುಕುವುದಿಲ್ಲ ಎಂದು ಅವನ ಲೆಕ್ಕ. ಅದು ಸರಿಯಾಗಿಯೇ ಇತ್ತು. ಪಿಟೀಲಿನ ಊರಿಗೇ ಕಳಿಸುತ್ತಾರೆಂದು ಅವನಿಗೇನು ಗೊತ್ತು?

"ಇನ್ನೊಂದ್ಸಲ ತಟ್ಟಿದ್ರೆ ಇನ್ನೊಂದ್ಸಲ ಹೊಡೀತೀನಿ," ಎಂದಳು ಹುಲ್ಡಾ. "ಪ್ರತಿ ಸಲಾನೂ ಹೊಡೀತೀನಿ."

ಹೊಡೆದಳು. ಕೈಯ ಅಭ್ಯಾಸ ಒಂದೇ ದಿನದಲ್ಲಿ ಹೋಗುವುದಿಲ್ಲ, ಅದರಲ್ಲೂ ಅಲ್ವಿನ್‌ನ ಮರ ಕೈಗೆ ಸಿಕ್ಕಾಗ. ದಿನಕ್ಕೆ ಎರಡು ಸಲ, ಮೂರು ಸಲ, ಮಾಟೌಷ್‌ನ ಬೆರಳು ಮಡಚಿಕೊಳ್ಳುತ್ತಿದ್ದಂತೆಯೇ ಕೊಡತಿ ಬೀಳುತ್ತಿತ್ತು. ಅವನ ಗೆಣ್ಣುಗಳು ಒಡೆದು ಕೀವು ತುಂಬಿದವು. ಮೊಳೆ ಹೊಡೆಯುತ್ತಿದ್ದ ಸ್ತೆಫಾನ್ಯಾ ಎಂಬ ಪೋಲಿಷ್ ಹೆಂಗಸು ಒಂದು ದಿನ ಎಲ್ಲರಿಗೂ ಕೇಳುವಂತೆ ಅಂದಳು, "ಮುದಿ ಮಾಟಗಾತಿ, ನಿನ್ನ ಕೈಗೆ ಹುಳ ಬೀಳ. ನಮಗೂ ಒಂದು ದಿನ ಬರುತ್ತೆ." ಹುಲ್ಡಾ ಕೇಳಿಸದವಳಂತೆ ಸೌಟು ಆಡಿಸಿದಳು. ಮನಸ್ಸಿನಲ್ಲಿ, ಬರಲಿ ತಾಯಿ, ಆದಷ್ಟು ಬೇಗ ಬರಲಿ ಎಂದುಕೊಂಡಳು.

ಆದರೆ ಅವಳು ಒಂದು ತಪ್ಪು ಮಾಡಿದ್ದಳು. ಫೆಬ್ರವರಿ ತಿಂಗಳ ಒಂದು ಬೆಳಿಗ್ಗೆ ಎಗೊನ್ ಕಾವನ್ನು ತೊಡೆಗೆ ಬಡಿದುಕೊಳ್ಳುತ್ತ ಅವಳ ಹತ್ತಿರ ಬಂದ.

"ಯಜಮಾನಮ್ಮ, ಒಂದು ಮಾತು. ಒಂಬತ್ತು ಜನ ಇದಾರೆ. ನಿಮ್ಮ ಕೊಡತಿ ಇವನೊಬ್ಬನ ಕೈಗೇ ಯಾಕೆ ಬೀಳುತ್ತೆ?"

"ಮಿಕ್ಕವರು ತಲೆ ಬಗ್ಗಿಸಿ ದುಡೀತಾರೆ. ಇವನಿಗೆ ಸೊಕ್ಕು."

"ಸೊಕ್ಕಾ? ನೋಡೇಬಿಡೋಣ." ಎಗೊನ್ ಎರಡು ಹಲಗೆ ತಂದ, ಒಂದು ಅಟ್ಟದ್ದು, ಒಂದು ಹಸಿ ಮರದ್ದು. ಮಾಟೌಷ್‌ನನ್ನು ತನ್ನ ಬಲಗಿವಿಯ ಕಡೆ ನಿಲ್ಲಿಸಿಕೊಂಡು ಎರಡನ್ನೂ ತಟ್ಟಿದ. "ಯಾವುದು ಒಳ್ಳೇದು, ಹೇಳೋ."

ಮಾಟೌಷ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಇದು ಬೇಗ ಉರಿಯುತ್ತೆ ಸ್ವಾಮಿ, ಅದು ನಿಧಾನಕ್ಕೆ."

ಆಳುಗಳು ಕಿಸಕ್ಕೆಂದರು. ಎಗೊನ್ ಹಸಿ ಹಲಗೆಯನ್ನು ಅಂಚು ಮಾಡಿ ಮಾಟೌಷ್‌ನ ಬಾಯಿಗೆ ಅಪ್ಪಳಿಸಿದ. ಎರಡು ಹಲ್ಲು ಮರದ ಹೊಟ್ಟಿನಲ್ಲಿ ಬಿದ್ದವು. ಆಮೇಲೆ ಹುಲ್ಡಾ ಕಡೆ ತಿರುಗಿ, ಏನೂ ಆಗಿಲ್ಲವೆನ್ನುವಂತೆ ಹೇಳಿದ, "ಶುಕ್ರವಾರ ಪೊಲೀಸಿನವರು ಬರ್ತಾರೆ. ಊರಲ್ಲಿರೋ ಚೆಕ್ಕರ ಗಡ್ಡ ಬೋಳಿಸಿ, ಎಡಗೈ ಬೆರಳು ನೋಡ್ತಾರಂತೆ. ಆಗ ಗೊತ್ತಾಗುತ್ತೆ ಬಿಡಿ."

ಅವತ್ತು ಬುಧವಾರ. ಹಿಂದಿನ ಕೋಣೆಯಲ್ಲಿ ಹುಲ್ಡಾ ಮಾಟೌಷ್‌ಗೆ ವಿಷಯ ಹೇಳಿದಳು. ಓಡುವಂತಿಲ್ಲ, ಮೊಣಕಾಲುದ್ದ ಹಿಮದಲ್ಲಿ ಹೆಜ್ಜೆ ಗುರುತು ನಾಯಿಗಳಿಗೆ ದಾರಿ ತೋರಿಸುತ್ತದೆ. ಬೆರಳನ್ನು ತಾನೇ ಕೊಯ್ದುಕೊಳ್ಳುವಂತಿಲ್ಲ, ಬೇಕೆಂದೇ ಗಾಯ ಮಾಡಿಕೊಂಡವರಿಗೆ ನೇಣು. ಆದರೆ ಯಜಮಾನರು ಕೊಟ್ಟ ಶಿಕ್ಷೆಗೆ ಯಾರೂ ಕಾರಣ ಕೇಳುತ್ತಿರಲಿಲ್ಲ.

"ನಾನು ಸುಡ್ತೀನಿ," ಎಂದಳು. "ಎಲ್ಲರ ಮುಂದೆ. ನಾಲ್ಕು ಬೆರಳ ತುದಿ, ದವಡೆ."

ಮಾಟೌಷ್ ಎಡಗೈಯನ್ನು ಎದೆಗೆ ಒತ್ತಿಕೊಂಡ. "ಬೆರಳು ಹೋದ ಮೇಲೆ ನಾನು ಏನ್ಮಾಡ್ಲಿ?"

"ಬದುಕು."

"ಅದೂ ಒಂದು ಬದುಕಾ?"

"ನನ್ನ ಯಾಕೆ ಕೇಳ್ತೀಯ? ಒಸ್ತಾಪ್‌ನ ಕೇಳು."

ಅವನ ಒಡೆದ ತುಟಿಯಿಂದ ರಕ್ತ ಗಡ್ಡಕ್ಕಿಳಿಯುತ್ತಿತ್ತು. "ನಾಳೆ ಹೇಳ್ತೀನಿ," ಎಂದ.

ಮರುದಿನ ಬೆಳಿಗ್ಗೆ ಅವನು ಹೇಳುವ ಮೊದಲೇ ಬೀದಿಯಲ್ಲಿ ಮೋಟಾರು ನಿಂತಿತು. ಪೊಲೀಸಿನವರು ಒಂದು ದಿನ ಮುಂಚೆಯೇ ಬಂದಿದ್ದರು. ಎದುರಿನ ಕಮಾನು ಮಾಡುವವರ ಮನೆಗೆ ಮೊದಲು ನುಗ್ಗಿದರು, ಅಲ್ಲಿಂದ ಯಾರೋ ಕಿರುಚುವುದು ಕೇಳಿಸುತ್ತಿತ್ತು. ಎಗೊನ್ ಒಳಗೆ ಬಂದು "ಸಾಲಾಗಿ ನಿಲ್ರೋ!" ಎಂದು ಕೂಗಿದ. ಹುಲ್ಡಾ ಮಾಟೌಷ್ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಹೌದೆನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಅಂಟಿಸುವ ಮೊದಲು ಹಲಗೆಯ ಅಂಚು ಬೆಚ್ಚಗೆ ಮಾಡುವ ಕಬ್ಬಿಣ ಒಲೆಯ ಮೇಲೆ ಕೆಂಪಗೆ ಕಾದಿತ್ತು.

"ಕಳ್ಳ! ಸರೇಸು ನೆಕ್ತೀಯಾ?"

ಅವಳು ಕೂಗಿದ ಕೂಗಿಗೆ ಎಲ್ಲರೂ ಬೆಚ್ಚಿದರು. ಕುದಿಯುತ್ತಿದ್ದ ಸರೇಸನ್ನು ಸೌಟಿನಲ್ಲಿ ಮೊಗೆದು ಮಾಟೌಷ್‌ನ ಎಡದವಡೆಗೆ ಎರಚಿದಳು. ಸರೇಸು ನೀರಿನಂತೆ ಜಾರಿಹೋಗುವುದಿಲ್ಲ, ಕಚ್ಚಿಕೊಳ್ಳುತ್ತದೆ. ಅವನು ಅರಚುತ್ತ ಮುಖ ಉಜ್ಜಿದಾಗ ಗಡ್ಡದೊಂದಿಗೆ ಚರ್ಮವೂ ಬಂತು. ಅವಳು ಅವನ ಎಡಗೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ತನ್ನ ಇಡೀ ಮೈಭಾರ ಹಾಕಿ, ನಾಲ್ಕು ಬೆರಳ ತುದಿಗಳನ್ನೂ ಕಬ್ಬಿಣಕ್ಕೆ ಒತ್ತಿದಳು. ಮಾಂಸ ಸುಟ್ಟ ವಾಸನೆ ಎದ್ದಿತು. ಅವನು ಒದ್ದ, ಅವಳ ಭುಜ ಕಚ್ಚಿದ. ಅವಳು ಬಿಡಲಿಲ್ಲ. ಮೂವತ್ತು ವರ್ಷ ಅವಳು ಪಿಟೀಲಿಗೆ ಮೆರುಗು ಹಚ್ಚಿದ್ದೇ ಇಂಥ ಬೆರಳುಗಳಿಗಾಗಿ. ಅದು ಅವಳಿಗೆ ಆಗಲೂ ನೆನಪಿತ್ತು. ನೆನಪಿಟ್ಟುಕೊಂಡೇ ಒತ್ತಿದಳು.

"ಸಾಕು ಬಿಡಿ ಯಜಮಾನಮ್ಮ, ಪೆಟ್ಟಿಗೆ ಯಾರು ಮಾಡ್ತಾರೆ?" ಎಂದು ಎಗೊನ್ ನಗುತ್ತ ಅವಳನ್ನು ಎಳೆದ. ಕೆಳಗೆ ಬಿದ್ದ ಮಾಟೌಷ್‌ನ ಪಕ್ಕೆಗೆ ತನ್ನ ಪಾಲಿನ ಎರಡು ಒದೆತ ಕೊಟ್ಟ. ಅಷ್ಟರಲ್ಲಿ ಪೊಲೀಸಿನವರು ಬಂದರು. ಸಾಲಿನಲ್ಲಿದ್ದ ಇನ್ನೊಬ್ಬ ಚೆಕ್ಕನ ಬೆರಳು ನೋಡಿದರು, ಬಿಟ್ಟರು. ನೆಲದ ಮೇಲೆ ಒರಗಿದ್ದವನನ್ನು ಬೂಟಿನಿಂದ ಹೊರಳಿಸಿದರು.

"ಇವನಿಗೇನಾಯ್ತು?"

"ಸರೇಸು ಕದ್ದ. ನಮ್ಮ ಯಜಮಾನಮ್ಮ ಅಡುಗೆ ಮಾಡಿದ್ರು," ಎಂದ ಎಗೊನ್. ತನ್ನ ಅನುಮಾನ ಅವನಿಗೆ ಮರೆತೇ ಹೋಗಿತ್ತೋ, ಅವಳ ಕೈಯಲ್ಲಿ ಅಂಥ ಕ್ರೌರ್ಯ ಕಂಡ ಸಂತೋಷದಲ್ಲಿ ಬೇಡವಾಗಿತ್ತೋ, ಯಾರಿಗೆ ಗೊತ್ತು. ದೊಡ್ಡ ಅಧಿಕಾರಿ ಸುಟ್ಟ ಕೈಯನ್ನು ನೋಡಿ ಮೂಗು ಮುಚ್ಚಿಕೊಂಡ. ಹೋಗುವಾಗ ಹುಲ್ಡಾಳ ಕೈ ಕುಲುಕಿ, "ಎಲ್ಲಾ ಊರಲ್ಲೂ ನಿಮ್ಮಂಥ ಹೆಂಗಸರಿರ್ಬೇಕು," ಎಂದ. ಅವಳು ಹಿತ್ತಲಿಗೆ ಹೋಗಿ ಆ ಕೈಯನ್ನು ಹಿಮದಲ್ಲಿ ಉಜ್ಜಿ ತೊಳೆದಳು.

ಮಾಟೌಷ್ ಸಾಯಲಿಲ್ಲ. ಕಿರುಬೆರಳು, ಉಂಗುರದ ಬೆರಳು ಒಳಕ್ಕೆ ಬಾಗಿ ಅಂಟಿಕೊಂಡವು, ಮಿಕ್ಕ ಎರಡು ಮರದ ತುಂಡಿನಂತಾದವು. ಹುಲ್ಡಾ ಹಂದಿಯ ಕೊಬ್ಬು ತಂದರೆ ಮುಖ ತಿರುಗಿಸುತ್ತಿದ್ದ, ಸ್ತೆಫಾನ್ಯಾ ಅದನ್ನು ಕಸಿದುಕೊಂಡು ಹಚ್ಚುತ್ತಿದ್ದಳು. ಹತ್ತು ವಾರ ಅವನು ಹುಲ್ಡಾಳೊಂದಿಗೆ ಒಂದು ಮಾತೂ ಆಡಲಿಲ್ಲ. ಹಲಗೆಯನ್ನು ಮಾತ್ರ ಮತ್ತೆ ತಟ್ಟಲಿಲ್ಲ.

ಮೇ ತಿಂಗಳಲ್ಲಿ ಅಮೆರಿಕದ ಟ್ಯಾಂಕುಗಳು ಬೆಟ್ಟದ ತಿರುವಿನಲ್ಲಿ ಕಂಡ ದಿನ ಎಗೊನ್ ತೋಳಿನ ಪಟ್ಟಿ ಕಿತ್ತೆಸೆದು ಗರಗಸದ ಮಿಲ್ಲಿನಲ್ಲಿ ಅಡಗಿದ. ಆಳುಗಳು ಅವನನ್ನು ಎಳೆದು ತಂದು, ಅವನದೇ ಗುದ್ದಲಿಯ ಕಾವಿನಿಂದ, ಒಸ್ತಾಪ್‌ಗೆ ಬಿದ್ದಲ್ಲೇ ಬೀಳುವಂತೆ ಹೊಡೆದರು. ಅವನು ಕೊನೆಗೆ ಅಮ್ಮಾ ಎಂದು ಕೂಗಿದ. ಆಮೇಲೆ ಅವರು ಹುಲ್ಡಾಳ ಮನೆಗೆ ಬಂದರು.

ಅವಳು ಆಲೂಗಡ್ಡೆ ತುರಿಯುತ್ತಿದ್ದಳು. ಕೂದಲು ಹಿಡಿದು ಪುರಸಭೆಯ ಮುಂದಿನ ಚೌಕಕ್ಕೆ ಎಳೆದರು. ಕುರಿ ಕತ್ತರಿಯಿಂದ ತಲೆ ಬೋಳಿಸಿದರು. ಯಾರೋ ಅವಳ ಕಾರ್ಖಾನೆಯ ಬೆಂಚನ್ನೇ ಹೊತ್ತು ತಂದರು. ಸ್ತೆಫಾನ್ಯಾಳ ಕೈಯಲ್ಲಿ ಆ ಕೊಡತಿ ಇತ್ತು. ಊರಿನ ಜನ ಕಿಟಕಿ ಪರದೆಯ ಹಿಂದೆ ನಿಂತು ನೋಡಿದರು. ಒಬ್ಬರೂ ಹೊರಗೆ ಬರಲಿಲ್ಲ.

"ಕೈ ಇಡು," ಎಂದಳು ಸ್ತೆಫಾನ್ಯಾ.

ಹುಲ್ಡಾ ತಾನಾಗಿ ಬಲಗೈ ಇಟ್ಟಳು. ಮೊದಲ ಏಟಿಗೆ ಕಿರುಬೆರಳು ಪುಡಿಯಾಯಿತು, ಎರಡನೆಯದಕ್ಕೆ ಅದರ ಪಕ್ಕದ್ದು. ನಡೆದದ್ದನ್ನು ಅವಳು ಹೇಳಬಹುದಿತ್ತು. ಯಾರು ನಂಬುತ್ತಾರೆ? ಮಾಟೌಷ್ ಹೌದೆಂದು ಹೇಳಿದ್ದನೇ? ಹೇಳಿರಲಿಲ್ಲ. ಮೂರನೇ ಏಟಿಗೆ ಕೊಡತಿ ಎದ್ದಾಗ ಜನರನ್ನು ತಳ್ಳಿಕೊಂಡು ಮಾಟೌಷ್ ಬಂದ.

"ಬಾ, ನೀನೇ ಹೊಡಿ," ಎಂದು ಸ್ತೆಫಾನ್ಯಾ ಕೊಡತಿ ಚಾಚಿದಳು. "ನಿನಗೇ ಸಲ್ಲಬೇಕು ಇದು. ಹೇಳು ಎಲ್ಲರ ಮುಂದೆ, ಇವಳೇ ತಾನೆ ಸುಟ್ಟಿದ್ದು?"

"ಇವಳೇ."

ಗುಂಪು ಗುರುಗುಟ್ಟಿತು. ಮಾಟೌಷ್ ಸುಟ್ಟ ಕೈಯನ್ನು ಎತ್ತಿ ತೋರಿಸಿದ. "ನನ್ನ ಹೆಸರು ಮಾಟೌಷ್ ಅಲ್ಲ. ಪೀಪಾಯಿ ಕಟ್ತಿದ್ದ ಮಾಟೌಷ್ ಸತ್ತು ಎರಡು ವರ್ಷ ಆಯ್ತು. ನಾನು ಲುಬೋರ್ ಹಾನಾಕ್. ಆ ಗೋಡೆ ಮೇಲೆ ಇನ್ನೂ ನೋಟೀಸಿದೆ, ಓದ್ಕೊಳ್ಳಿ. ಅವರು ಹುಡುಕ್ತಿದ್ದಿದ್ದು ಈ ಬೆರಳನ್ನ, ಈ ದವಡೇನ."

ಒಬ್ಬ ಹೋಗಿ ಗೋಡೆಯ ಕಾಗದ ಓದಿದ. ಅಲ್ಲಿಂದಲೇ ತಿರುಗಿ ನೋಡಿದ.

"ಹಾಗಾದ್ರೆ ನಿನ್ನ ಕೇಳಿ ಮಾಡಿದ್ಲಾ?" ಎಂದಳು ಸ್ತೆಫಾನ್ಯಾ.

"ಒಂದ್ಸಲ ಕೇಳಿದ್ಲು. ನಾನು ಉತ್ತರ ಕೊಡ್ಲಿಲ್ಲ. ಎರಡನೇ ಸಲ ಕೇಳಿದ್ರೆ ಬೇಡ ಅಂತಿದ್ದೆ. ಅದು ಇವಳಿಗೆ ಗೊತ್ತಿತ್ತು. ಅದಕ್ಕೇ ಕೇಳ್ಲಿಲ್ಲ."

ಸ್ತೆಫಾನ್ಯಾ ಕೊಡತಿಯನ್ನು ಕಲ್ಲಿನ ಮೇಲೆ ಬಿಟ್ಟು, ತನ್ನ ಅಂಗಿಯ ತೋಳನ್ನು ಹರಿದು ಹುಲ್ಡಾಳ ಕೈಗೆ ಕಟ್ಟು ಹಾಕಲು ಬಗ್ಗಿದಳು. ಜನ ಕರಗಿದರು.

ಲುಬೋರ್ ಹುಲ್ಡಾಳನ್ನು ಮನೆಯವರೆಗೆ ಬಿಟ್ಟ. ಅಟ್ಟದ ಮರದಲ್ಲಿ ಪೆಟ್ಟಿಗೆಯಾಗದೆ ಒಂದೇ ಒಂದು ಹಲಗೆ ಉಳಿದಿತ್ತು, ಅಂಚಿನಲ್ಲಿ ಕಂದು ಗೆರೆಯದ್ದು. ಅವಳು ಅದನ್ನು ಸರೇಸಿನ ಒಲೆಯ ಹಿಂದೆ ಬಚ್ಚಿಟ್ಟಿದ್ದಳು. ಈಗ ಎಡಗೈಯಿಂದ ಎಳೆದು ಅವನ ಮುಂದಿಟ್ಟಳು.

"ನಿಮ್ಮನ್ನ ಕ್ಷಮಿಸೋಕೆ ನನ್ನಿಂದ ಆಗಲ್ಲ, ಯಜಮಾನಮ್ಮ," ಎಂದ ಅವನು.

"ಕ್ಷಮಿಸು ಅಂತ ಯಾರು ಕೇಳಿದ್ರು? ತಗೊಂಡು ಹೋಗು."

ಅವನು ಹಲಗೆಯನ್ನು ಕಂಕುಳಲ್ಲಿ ಇರುಕಿಕೊಂಡು ಗಡಿಯ ಕಡೆ ನಡೆದುಹೋದ. ತಟ್ಟಿ ನೋಡಲಿಲ್ಲ.

ಎರಡು ವರ್ಷ ಕಳೆದು ರೈಲ್ವೆಯವನೊಬ್ಬ ಗಡಿಯಾಚೆಯಿಂದ ಒಂದು ಪೆಟ್ಟಿಗೆ ತಂದುಕೊಟ್ಟ. ಕಾಗದವಿಲ್ಲ, ಹೆಸರಿಲ್ಲ. ಒಳಗೆ ಹುಲ್ಲಿನ ನಡುವೆ ಮೆರುಗು ಹಚ್ಚದ ಒಂದು ಬಿಳಿ ಪಿಟೀಲು. ಉಳಿ ಹಿಡಿಯಲು ಬಲಗೈ ಸಾಕು, ಮರವನ್ನು ಒತ್ತಿ ಹಿಡಿಯಲು ಎರಡು ಬೆರಳ ಎಡಗೈಯೂ ಸಾಕಾಗುತ್ತದೆ. ಅಲ್ಲಲ್ಲಿ ಉಳಿ ಜಾರಿದ ಗುರುತುಗಳಿದ್ದವು. ಮೇಲಿನ ಹಲಗೆಯಲ್ಲಿ, ಅಂಚಿನುದ್ದಕ್ಕೂ, ಕಂದು ಗೆರೆ.

ಹುಲ್ಡಾ ಅದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಉಳಿದ ಬೆರಳೊಂದನ್ನು ಮಡಚಿ, ಗೆಣ್ಣಿನಿಂದ ಅದರ ಎದೆಗೆ ಮೆಲ್ಲಗೆ ತಟ್ಟಿದಳು. ತಟ್ಟಿದವಳು ಏಟು ಬೀಳುತ್ತದೆಂಬಂತೆ ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಪಿಟೀಲನ್ನು ಕಿವಿಗೆ ಹಿಡಿದಳು. ದನಿ ಇನ್ನೂ ಒಳಗಿತ್ತು. ಆ ಮನೆಯಲ್ಲಿ ಅವಳು ಯಾವತ್ತೂ ಗಟ್ಟಿಯಾಗಿ ಅತ್ತಿರಲಿಲ್ಲ, ಅವತ್ತು ಅತ್ತಳು. ಅತ್ತು ಮುಗಿದ ಮೇಲೆ ಕೈ ತೊಳೆದು, ಮೆರುಗೆಣ್ಣೆಯ ಡಬ್ಬಿ ಬಿಚ್ಚಿದಳು.